ನಮ್ಮ ಬಾಗಿಲಿಗೆ ಅವರ ನೋಟೀಸು

ಲೇಖನ ಎಲ್ಲಿಗೆ ಬಂತು ಮೇಡಂ ಎಂದು ಅವರ ಮಗ ಮೂರು ಸಲ ಫೋನ್ ಮಾಡಿದರು. ಅಪ್ಪನಿಗೆ ಎಂಬತ್ತು ತುಂಬುತ್ತದೆ, ದಾವಣಗೆರೆಯಲ್ಲಿ ದೊಡ್ಡ ಸಮಾರಂಭ ಇದೆ, ಅಭಿನಂದನ ಸಂಪುಟ ತರುತ್ತಿದ್ದೇವೆ, ಹರಿಹರದ ಹಳೆಯ ದಿನಗಳ ಬಗ್ಗೆ ನೀವು ಆಪ್ತವಾಗಿ ಬರೆದುಕೊಡಬೇಕು ಎಂದರು. "ನಿಮ್ಮ ಮನೆಗೂ ನಮ್ಮ ಮನೆಗೂ ಭಾಳ ಹಳೇ ನಂಟಲ್ರೀ" ಎಂದೂ ಸೇರಿಸಿದರು.

ನಾನು ಹರಿಹರದಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಷ್ಟ್ರಮ್ಮ. ಆಗೀಗ ಪತ್ರಿಕೆಗೆ ಬರೆಯುತ್ತೇನೆ. ತೀರಿಕೊಂಡ ಹೆಡ್‌ಮಾಸ್ತರರ ಬಗ್ಗೆ, ನಮ್ಮ ಬೀದಿಯ ಪೋಸ್ಟ್‌ಮನ್ ಬಗ್ಗೆ ಬರೆದದ್ದನ್ನು ಓದಿ ಜನ ಕಣ್ಣೊರೆಸಿಕೊಂಡದ್ದುಂಟು. ಇವರ ಬಗ್ಗೆಯೂ ಹಾಗೇ ಬರೆದೇನು ಎಂದು ಮಗ ನಂಬಿದ್ದರು. ಮನಸ್ಸಿಟ್ಟು ಬರೆಯುತ್ತೇನೆ ಅಂದೆ. ಸುಳ್ಳು ಹೇಳಲಿಲ್ಲ. ಐವತ್ತು ವರ್ಷದಿಂದ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೂತಿದ್ದೇನೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಸಂಪುಟದ ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ ಇದ್ದೇ ಇರುತ್ತದೆ. ಈ ಲೇಖನದ ಜೊತೆ ಇಟ್ಟಿರುವ ಕಾಗದದಲ್ಲೂ ತಂದೆಯ ಹೆಸರು, ವಯಸ್ಸು, ಉದ್ಯೋಗದ ಸಮೇತ ಇದೆ.

ನೋಡಲು ಲಕ್ಷಣವಾದ ಆಳು. ಬಿಳಿ ಪಂಚೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ, ನಕ್ಕರೆ ಬಲಗೆನ್ನೆಯಲ್ಲಿ ಒಂದು ಗುಳಿ. ಮಕ್ಕಳನ್ನು ಕಂಡರೆ ಜೇಬಿನಿಂದ ಪೆಪ್ಪರಮಿಂಟು ತೆಗೆಯುತ್ತಿದ್ದರು. ನನಗೂ ಕೊಟ್ಟಿದ್ದಾರೆ, ನಾನೂ ತಿಂದಿದ್ದೇನೆ. ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡಬೇಕು.

ಅವರ ಒಂದು ಅಭ್ಯಾಸ ಮಾತ್ರ ಹರಿಹರದ ಪೇಟೆಗೆಲ್ಲ ಗೊತ್ತಿತ್ತು. ಏನನ್ನೂ ಪೂರ್ತಿ ಮಾಡುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಅರ್ಧ ಲೋಟ ಚಹಾ ಕುಡಿದು ಅರ್ಧ ಬಿಡುವರು. ಅವ್ವ ಪಾಪ, "ಚಹಾ ಸೇರ್ಲಿಲ್ಲೇನ್ರಿ ಅಣ್ಣಾರೆ?" ಎಂದು ಮುಖ ಸಣ್ಣ ಮಾಡುತ್ತಿದ್ದಳು. "ತಳ ಕಾಣೋ ಹಂಗೆ ಕುಡಿಯೋದು ಹಸಿದವ್ರು ತಂಗೀ" ಎಂದು ನಗುವರು. ಬೆಣ್ಣೆದೋಸೆ ತಿಂದರೆ ಕೊನೆಯ ತುಂಡು ಎಲೆಯಲ್ಲೇ. ಪೇಪರು ಓದಿದರೆ ಮೊದಲ ಎರಡು ಪುಟ. ಮಾತು ಕೂಡ ಹಾಗೇ. "ಅದಕ್ಕೇನಂತೆ, ನಾಳೆ ನಾನೇ ಬಂದು..." ಎಂದು ಶುರು ಮಾಡಿ, ಮುಂದಿನದನ್ನು ಗಾಳಿಯಲ್ಲಿ ಕೈಯಾಡಿಸಿ ಮುಗಿಸುತ್ತಿದ್ದರು. ಕೇಳಿದವರು ಉಳಿದರ್ಧವನ್ನು ತಮಗೆ ಬೇಕಾದಂತೆ ತುಂಬಿಕೊಂಡು ಖುಷಿಯಾಗಿ ಮನೆಗೆ ಹೋಗುವರು.

ನಮ್ಮಪ್ಪನದು ತದ್ವಿರುದ್ಧ. ಅಪ್ಪನಿಗೆ ಪೇಟೆಯಲ್ಲಿ ಒಂದು ಜವಳಿ ಅಂಗಡಿ. ಚಹಾ ಕುಡಿದ ಮೇಲೆ ಲೋಟಕ್ಕೆ ಎರಡು ಹನಿ ನೀರು ಹಾಕಿ, ಗಲಗಲ ತಿರುಗಿಸಿ, ಅದನ್ನೂ ಕುಡಿಯುತ್ತಿದ್ದ. ಗಿರಾಕಿ ಐವತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದು ಹೋದರೂ ಐವತ್ತನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟೇ ಊಟಕ್ಕೆ ಏಳುವನು. ಇಂಥ ಇಬ್ಬರು ಅದು ಹೇಗೆ ಗೆಳೆಯರಾದರೋ! ದಿನಾ ಸಂಜೆ ನಾಲ್ಕಕ್ಕೆ ಅವರು ಬಂದು ಅಪ್ಪನ ಗಾದಿಯ ಮೇಲೆ ಅರ್ಧ ಒರಗಿ ಕೂರುತ್ತಿದ್ದರು. ಅವರ ಮನೆ ನಮ್ಮ ಹಿಂದಿನ ಓಣಿ. ವ್ಯಾಪಾರ ಹತ್ತಿಯದು. ಕೊಕ್ಕನೂರು, ಕುಕ್ಕುವಾಡದ ಕಡೆಯಿಂದ ಹತ್ತಿ ಎತ್ತಿಸಿ ದಾವಣಗೆರೆಗೆ ಸಾಗಿಸುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಆ ವ್ಯಾಪಾರ ಮಕಾಡೆ ಬಿತ್ತು. ಕೋರ್ಟಿಗೆ ಹೋಗಿ "ನನ್ನ ಹತ್ತಿರ ಏನೂ ಉಳಿದಿಲ್ಲ, ಸಾಲ ತೀರಿಸಲಾರೆ" ಎಂದು ಬರೆದುಕೊಟ್ಟು ದಿವಾಳಿಯಾಗುವುದಕ್ಕೆ ನಮ್ಮ ಕಡೆ ಪಾಪರ್ ಆಗುವುದು ಅನ್ನುತ್ತಾರೆ. ಅದಕ್ಕೊಂದು ಕ್ರಮವಿತ್ತು. ಪಾಪರ್ ಅರ್ಜಿ ಬಿದ್ದರೆ ಕೋರ್ಟಿನ ಅಮೀನ ಒಬ್ಬ ತಮಟೆಯವನನ್ನು ಕರೆದುಕೊಂಡು ಆ ಮನುಷ್ಯನ ಬಾಗಿಲಿಗೇ ಬರುತ್ತಿದ್ದ. ತಮಟೆ ಬಡಿಸಿ, ಓಣಿ ಸೇರಿದ ಮೇಲೆ ನೋಟೀಸನ್ನು ಓದಿ, ಬಾಗಿಲಿಗೆ ಹಚ್ಚಿ ಹೋಗುತ್ತಿದ್ದ. ಸಾಲ ಕೊಟ್ಟವರಿಗೆಲ್ಲ ಸುದ್ದಿ ಮುಟ್ಟಲಿ ಎಂದು.

ಆ ತಮಟೆ ನಮ್ಮ ಬಾಗಿಲಿಗೆ ಬಂತು.

ನಾನು ಶಾಲೆಗೆ ಹೊರಟು ರಿಬ್ಬನ್ನು ಕಟ್ಟಿಸಿಕೊಳ್ಳುತ್ತಿದ್ದೆ. ಅಮೀನನದು ಖಾಕಿ ಅಂಗಿ, ಎದೆಗೆ ಹಿತ್ತಾಳೆ ಬಿಲ್ಲೆ, ಕೈಯಲ್ಲಿ ಮೈದಾ ಅಂಟಿನ ಡಬ್ಬಿ. ಗಡಗಡ ಓದಿದ. ಎದುರು ಮನೆಯವರು ಕಿಟಕಿ ತೆಗೆದರು. ಅರ್ಧ ಜನಕ್ಕೆ ತಮಟೆ ಸದ್ದಿನಲ್ಲಿ ಏನೂ ಕೇಳಲಿಲ್ಲ, ಉಳಿದರ್ಧಕ್ಕೆ ಕೇಳಿದರೂ ಕೋರ್ಟಿನ ಕನ್ನಡ ತಿಳಿಯಲಿಲ್ಲ. ಕಂಡದ್ದು ಮಾತ್ರ ಎಲ್ಲರಿಗೂ ಕಂಡಿತು: ತಮಟೆ, ಅಮೀನ, ನಮ್ಮ ಬಾಗಿಲು. ಅವನು ಹೋದ ಮೇಲೆ ನಾನು ಹತ್ತಿರ ಹೋಗಿ ಬೆರಳಿಟ್ಟು ಓದಿದೆ. ಮನೆ ನಂಬರು ನಮ್ಮದು. ಹೆಸರು ಪೆಪ್ಪರಮಿಂಟಿನವರದು! ನಾನು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ, "ಇದು ನಮ್ಮಪ್ಪನ ಹೆಸರಲ್ಲ! ಬಂದು ಓದ್ರಿ ಬೇಕಾದ್ರೆ!"

ಅಪ್ಪ ಒಳಗಿನಿಂದ ಬಂದು ಕಪಾಳಕ್ಕೆ ಹೊಡೆದ. ಜೀವನದಲ್ಲಿ ಅವನು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. "ಓದಕ್ಕೆ ಬರ್ತತೆ ಅಂತ ಓದಿದ್ದನ್ನೆಲ್ಲಾ ಊರಿಗೆ ಹೇಳಬ್ಯಾಡ" ಎಂದ. ಅವ್ವ ಬಿಸಿನೀರು, ಕುಡುಗೋಲು ತಂದು ನೋಟೀಸು ಕೆರೆಯಲು ಹೋದಳು. "ಏಳು ದಿನ ಇರ್ಲಿ ಬಿಡು" ಅಂದ ಅಪ್ಪ. ಏಳು ದಿನ ಇರಬೇಕು ಅನ್ನುವುದು ಕೋರ್ಟಿನ ಕಾನೂನು ಎಂದುಕೊಂಡೆ ನಾನು.

ಏಳು ದಿನ ಆಯಿತು. ಓಣಿಯವರು ದೂರದಿಂದಲೇ ಬಾಗಿಲು ನೋಡಿ ಹೋದರು, ಹತ್ತಿರ ಬಂದು ಹೆಸರು ಓದಿದವರಿಲ್ಲ. ಎಂಟನೆಯ ದಿನ ಅಪ್ಪ ಅಂಗಡಿಗೆ ಹೋಗಲಿಲ್ಲ. ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು ಬೆಳಿಗ್ಗೆಯೇ ಜಗಲಿಯ ಮೇಲೆ ಕೂತ. ಯಾರಿಗೆ ಕಾಯುತ್ತಿದ್ದಾನೆಂದು ಗೊತ್ತಾಗಲಿಲ್ಲ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು, ತಾನೇ ಕುಡುಗೋಲು ತೆಗೆದುಕೊಂಡು ನೋಟೀಸು ಕೆರೆದು ಹಾಕಿದ. ಕಾಗದ ಹೋಯಿತು. ನಾಲ್ಕು ಮೂಲೆಯ ಅಂಟು ಹೋಗಲಿಲ್ಲ. ಆಮೇಲೆ ಬಾಗಿಲಿಗೆ ಎಷ್ಟು ಸಲ ಬಣ್ಣ ಬಳಿದರೂ ಆ ನಾಲ್ಕು ಮಚ್ಚೆ ಉಬ್ಬಿಕೊಂಡೇ ಕಾಣುತ್ತಿದ್ದವು. ಈಗಲೂ ಇವೆ. ಸಂಪುಟಕ್ಕೆ ಫೋಟೋ ಬೇಕಿದ್ದರೆ ಕಳಿಸುತ್ತೇನೆ.

ಜವಳಿ ವ್ಯಾಪಾರ ನಡೆಯುವುದು ನಂಬಿಕೆಯ ಮೇಲೆ. ದಾವಣಗೆರೆಯ ಸಗಟು ಅಂಗಡಿಯವರು ಹಬ್ಬಕ್ಕೆ ಮಾಲು ಕೊಟ್ಟು ಹಬ್ಬ ಮುಗಿದ ಮೇಲೆ ದುಡ್ಡು ತೆಗೆದುಕೊಳ್ಳುತ್ತಿದ್ದರು. ಆ ವರ್ಷ ಅಪ್ಪ ಹೋದಾಗ, "ಕೂಡ್ರಿ ಸಾವ್ಕಾರ್ರೆ, ಚಹಾ ತಗೊಳ್ರಿ. ಮಾಲು ಮಾತ್ರ ನಗದಾದ್ರೆ..." ಅಂದರಂತೆ. ಮರುವರ್ಷ ಅಂಗಡಿ ಬಾಗಿಲು ಹಾಕಿತು. ಅಪ್ಪ ದಾವಣಗೆರೆಯಲ್ಲಿ ಬೇರೆಯವರ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೆಲಸಕ್ಕೆ ಸೇರಿದ. ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಬಸ್ಸಿಗೆ ಬರುವುದು, ಕಾಲು ಊದಿಕೊಳ್ಳುವವರೆಗೆ, ಮೂವತ್ತು ವರ್ಷ. ಊರು ಅವನಿಗೆ ಹೊಸ ಹೆಸರಿಟ್ಟಿತು: ಪಾಪರ್ ಸಾವ್ಕಾರ. ಶಾಲೆಯಲ್ಲಿ ನಾನು ಪಾಪರ್ ಶಾಂತಿ. ಅವ್ವ ಅಂದಿನಿಂದ ಮುಂಬಾಗಿಲಲ್ಲಿ ಓಡಾಡುವುದನ್ನೇ ಬಿಟ್ಟಳು. ಹಿತ್ತಲ ಬಾಗಿಲಲ್ಲಿ ಹೋಗುವುದು, ಹಿತ್ತಲ ಬಾಗಿಲಲ್ಲಿ ಬರುವುದು. ಮುಂಬಾಗಿಲಿಗೆ ರಂಗೋಲಿ ಹಾಕುವ ಕೆಲಸ ನನಗೆ ಬಂತು.

ಅವರೋ? ಎರಡು ತಿಂಗಳಲ್ಲಿ ದಾವಣಗೆರೆಗೆ ಮನೆ ಬದಲಿಸಿದರು. ಹೆಂಡತಿಯ ತಮ್ಮನ ಹೆಸರಲ್ಲಿ ಮತ್ತೆ ವ್ಯಾಪಾರ ಶುರುವಾಯಿತು. ಆಮೇಲಿನದನ್ನು ಸಂಪುಟದಲ್ಲಿ ಬೇರೆಯವರು ಬರೆಯುತ್ತಾರೆ: ಗೋದಾಮು, ಕಲ್ಯಾಣಮಂಟಪ, ಬಡಮಕ್ಕಳಿಗೆ ಪುಸ್ತಕ, ಎಲ್ಲ. ಅಪ್ಪ ತೀರಿಕೊಂಡ ದಿನ ಕಾರಿನಲ್ಲಿ ಬಂದಿದ್ದರು. ಎಲ್ಲರಿಗಿಂತ ದೊಡ್ಡ ಹಾರ ಅವರದೇ. ಎರಡು ನಿಮಿಷ ಕೈ ಮುಗಿದು ನಿಂತರು. ಮಣ್ಣಿಗೆ ನಿಲ್ಲಲಿಲ್ಲ. ಅಲ್ಲೂ ಅರ್ಧಕ್ಕೇ ಎದ್ದು ಹೋದರು. ಅವರ ಕಾರು ಓಣಿ ದಾಟುವಾಗ ಯಾರೋ ಹಿಂದೆ ನಿಂತು ಹೇಳಿದ್ದು ನನ್ನ ಕಿವಿಗೆ ಬಿತ್ತು. "ನೋಡ್ರಿ, ಪಾಪರ್ ಸಾವ್ಕಾರ ಸತ್ರೆ ಎಂಥಾ ದೊಡ್ಡೋರು ಬಂದಾರ."

ಹೊಟ್ಟೆ ಉರಿಯಿತು. ಇಂದಿಗೂ ಉರಿಯುತ್ತಿದೆ.

ಅದಕ್ಕೇ ಮಗನ ಫೋನು ಬಂದ ಮರುದಿನವೇ ನಾನು ಆ ಪಾಪರ್ ಅರ್ಜಿ ಹುಡುಕಲು ಹೊರಟೆ. ಬೇರೆಯವರ ಮನೆ ನಂಬರು ಕೊಟ್ಟು, ಕೋರ್ಟಿಗೆ ಸುಳ್ಳು ಹೇಳಿ, ನಮ್ಮ ಬಾಗಿಲಿಗೆ ತಮಟೆ ಕಳಿಸಿದ್ದಾರಲ್ಲ, ಅದು ಅವರದೇ ಸಹಿಯಲ್ಲಿ ಸಿಗಬೇಕು, ಸಿಕ್ಕರೆ ಅದೇ ನನ್ನ ಲೇಖನ ಎಂದುಕೊಂಡೆ.

ಯಾವ ಕೋರ್ಟು ಎಂದು ಹೇಳುವುದಿಲ್ಲ. ಅಲ್ಲಿನ ರೆಕಾರ್ಡ್ ರೂಮಿನ ಸಾಹೇಬರು ಒಳ್ಳೆಯವರು, ನಾಳೆ ಯಾರಾದರೂ ಅವರನ್ನು ಹೋಗಿ ಕಾಡುವುದು ಬೇಡ. ಮೊಬೈಲಿನಲ್ಲಿ ಹುಡುಕಿದೆ, ಅಷ್ಟು ಹಳೆಯದು ಅದರಲ್ಲಿಲ್ಲ. ಕಿಟಕಿಯಲ್ಲಿ ಕೇಳಿದೆ. "ಕೇಸ್ ನಂಬರ್ ಹೇಳ್ರಿ." ಇಲ್ಲ. "ಇಸವಿ?" ನಾನು ಐದನೇ ಕ್ಲಾಸು. "ಅದು ಕೋರ್ಟಿಗೆ ಹೆಂಗೆ ಗೊತ್ತಾಗಬೇಕು ಮೇಡಂ?" ಎಂದು ಹುಡುಗಿಯೊಬ್ಬಳು ನಕ್ಕಳು. ಪಕ್ಷಗಾರರಲ್ಲದವರು ನಕಲು ಕೇಳಿದರೆ ಕಾರಣ ಬರೆಯಬೇಕಂತೆ. ಬರೆದೆ: ಅಭಿನಂದನ ಸಂಪುಟಕ್ಕೆ ಲೇಖನ ಬರೆಯುವ ಸಲುವಾಗಿ. ಆ ಹುಡುಗಿ ಎರಡು ಸಲ ಓದಿ, ಮೇಲಿನವರಿಗೆ ತೋರಿಸಿ ಬಂದಳು. ಕಾರಣ ನಡೆಯಿತು! ಸತ್ಯ ಹೇಳಿ ಕೆಲಸ ಮಾಡಿಸಿಕೊಂಡ ಸಂತೋಷ ನನಗೆ.

ರೆಕಾರ್ಡ್ ರೂಮಿನ ಸಾಹೇಬರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬಂದರು. ಒಳಗೆ ಸೂರಿನವರೆಗೆ ಕೆಂಪು ಬಟ್ಟೆಯ ಗಂಟುಗಳು. "ಇಷ್ಟು ಹಳೇದು ಇರಲ್ಲ ಮೇಡಂ. ಮುಗಿದ ಕೇಸಿನ ಫೈಲು ಇಂತಿಷ್ಟು ವರ್ಷ ಆದ್ಮೇಲೆ ನಾಶ ಮಾಡ್ತೀವಿ. ಪಟ್ಟಿ ಮಾಡಿ ಸುಟ್ಟುಬಿಡೋದು" ಎಂದರು. ಆದರೂ ದಿವಾಳಿ ಅರ್ಜಿಗಳ ದಪ್ಪ ರಿಜಿಸ್ಟರು ತಂದುಕೊಟ್ಟರು. ಮೂರು ದಿನ ಬೆಂಚಿನ ಮೇಲೆ ಕೂತು ಪುಟ ತಿರುವಿದೆ. ನಮ್ಮ ಸುತ್ತಿನ ಎಷ್ಟು ಊರು, ಎಷ್ಟು ಮನೆತನ, ಏನು ಕಥೆ! ಆನಗೋಡಿನ ಒಬ್ಬ ಎಣ್ಣೆ ವ್ಯಾಪಾರಿಯ ಹೆಸರು ಎರಡು ಸಲ ಇತ್ತು. ಮೂರನೆಯ ದಿನ ಮಧ್ಯಾಹ್ನ ಅವರ ಹೆಸರು ಸಿಕ್ಕಿತು. ಮುಂದಿನ ಕಲಮುಗಳನ್ನು ನೋಡಿದೆ. ಅರ್ಜಿ ದಾಖಲಾದ ಕಲಮು ತುಂಬಿತ್ತು. ಮುಕ್ತಾಯದ ಕಲಮು ಖಾಲಿ.

ಸಾಹೇಬರು ಬಗ್ಗಿ ನೋಡಿ, "ಯಾ ಅಲ್ಲಾ!" ಎಂದರು. "ಈ ಮನುಷ್ಯ ಕೇಸು ಮುಗಿಸಿಕೊಳ್ಳಕ್ಕೇ ಬಂದಿಲ್ಲ ನೋಡ್ರಿ. ಸಾಲ ಕೊಟ್ಟವ್ರು ಮೈಮೇಲೆ ಬರದಂಗೆ ಒಂದು ಆರ್ಡರ್ ತಗೊಂಡಾನೆ, ಕೊನೇ ಆರ್ಡರ್ ತಗೊಳ್ಳಕ್ಕೆ ಬಂದೇ ಇಲ್ಲ. ಕೊನೇ ಹಾಳೆ ಇಲ್ದಿದ್ರೆ ಫೈಲು ನಾಶದ ಪಟ್ಟಿಗೆ ಹೋಗಲ್ಲ ಮೇಡಂ. ಹಂಗೇ ಐತೆ ಅದು. ಹುಡುಕಿ ಕೊಡ್ತೀನಿ, ಕೂಡ್ರಿ."

ನಾನು ಜೋರಾಗಿ ನಕ್ಕುಬಿಟ್ಟೆ. ಅಯ್ಯೋ ಮಹಾನುಭಾವಾ! ಅರ್ಧ ಚಹಾ, ಅರ್ಧ ದೋಸೆ, ಅರ್ಧ ಕೇಸು! ಇನ್ನೊಂದೇ ಒಂದು ಸಲ ಕೋರ್ಟಿನ ಮೆಟ್ಟಿಲು ಹತ್ತಿ ಕೊನೆಯ ಹಾಳೆ ಹಾಕಿಸಿದ್ದರೆ ಎಂದೋ ಬೂದಿಯಾಗುತ್ತಿತ್ತು ಆ ಫೈಲು.

ಗಂಟು ಬಿಚ್ಚಿದಾಗ ಬಂದ ಧೂಳಿಗೆ ಇಬ್ಬರೂ ಸೀನಿದೆವು. ಕಾಗದ ಹಪ್ಪಳದಂತೆ ಮುರಿಯುತ್ತಿತ್ತು. ಅವತ್ತು ಓದಿದ ನೋಟೀಸಿನ ಪ್ರತಿ ಇತ್ತು, ಅರ್ಜಿ ಇತ್ತು, ಅವರ ಸಹಿ ಇತ್ತು, ವಾಸದ ಮನೆ ಎಂಬಲ್ಲಿ ನಮ್ಮ ನಂಬರು ಇತ್ತು. ಸಿಕ್ಕಿದೆಯಪ್ಪಾ ಕೈಗೆ ಎಂದು ಹಲ್ಲು ಕಚ್ಚಿ ಪುಟ ತಿರುವಿದೆ. ಅದರ ಹಿಂದೆ ಇನ್ನೊಂದು ಹಾಳೆ. ಪ್ರಮಾಣಪತ್ರ. "ಸದರಿ ಅರ್ಜಿದಾರರು ನನ್ನ ಮನೆಯಲ್ಲಿಯೇ ವಾಸವಾಗಿರುತ್ತಾರೆಂದೂ, ಕೋರ್ಟಿನ ನೋಟೀಸನ್ನು ನನ್ನ ಮನೆಯ ಬಾಗಿಲಿಗೆ ಲಗತ್ತಿಸಲು ನನ್ನ ಅಭ್ಯಂತರ ಇರುವುದಿಲ್ಲವೆಂದೂ ಬರೆದುಕೊಟ್ಟಿರುತ್ತೇನೆ." ಕೆಳಗಿನ ಸಹಿ ಅವರದಲ್ಲ. ದುಂಡಗೆ, ಕೊನೆಯ ಅಕ್ಷರದವರೆಗೆ ಬಿಡಿಸಿ ಬರೆದ ಸಹಿ. ನಮ್ಮಪ್ಪನದು.

ಸಾಹೇಬರು ನೀರು ತಂದುಕೊಟ್ಟರು.

ನಕಲು ಕೈಗೆ ಬಂದ ದಿನ ಅವ್ವನ ಮುಂದೆ ಇಟ್ಟು ಓದಿದೆ. ಅವ್ವನಿಗೆ ಎಂಬತ್ತರ ಮೇಲಾಗಿದೆ, ಕಣ್ಣು ಮಂದ, ಕಿವಿ ಚುರುಕು. ಅವಳ ಮುಖದಲ್ಲಿ ಅಚ್ಚರಿಯೇ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ ಅಲ್ಲ?" ಎಂದು ಹರಿಹಾಯ್ದೆ.

"ಆಣೆ ಹಾಕಿಸ್ಕೊಂಡಿದ್ರು ನಿಮ್ಮಪ್ಪಾರು" ಎಂದಳು ಅವ್ವ. "ಆ ಮನುಷ್ಯಾನ ಹೆಂಡ್ತಿ ತುಂಬಿದ ಬಸುರಿ ಇದ್ಲು ಆವಾಗ. ಮೊದ್ಲೇ ಎರಡು ಕೂಸು ಕಳಕೊಂಡಿದ್ಲು. ಗಂಡ ಪಾಪರ್ ಆಗಿದ್ದು ಅವಳಿಗೆ ಗೊತ್ತೇ ಇರ್ಲಿಲ್ಲ. ಬಾಗಿಲ ಮುಂದೆ ತಮಟೆ ಬಡಿದ್ರೆ ಈ ಕೂಸೂ ಉಳಿಯಲ್ಲ ಅಂತ ಆ ಮನುಷ್ಯಾ ನಮ್ಮ ಪಡಸಾಲ್ಯಾಗ ಕುಂತು ಅತ್ತ. ಗಂಡಸು ಹಂಗೆ ಅತ್ತಿದ್ದು ನಾನು ನೋಡಿರ್ಲಿಲ್ಲ. ನಿಮ್ಮಪ್ಪಾರು, ಅದಕ್ಕೇನಂತೆ, ನನ್ನ ಮನಿ ಬಾಗಿಲಿಗೆ ಬರ್ಲಿ ಬಿಡು ಅಂದ್ರು. ಏಳು ದಿನ ಅಷ್ಟೇ ಅಣ್ಣಾ, ಹೆರಿಗಿ ಆದ ಕೂಡ್ಲೇ ನಾನೇ ನಿನ್ನ ಓಣಿಯಾಗ ನಿಂತು ಹೇಳ್ತೀನಿ ಅಂದಿದ್ದ."

"ಕೂಸು?"

"ಐದನೇ ದಿನಕ್ಕೆ ಹುಟ್ತು. ಗಂಡು. ಬಾಣಂತಿಗೆ ಖಾರ ನಾನೇ ಕುಟ್ಟಿ ಕೊಟ್ಟಿದ್ದೆ."

ಐದನೆಯ ದಿನ ಕೂಸು. ಎಂಟನೆಯ ದಿನ ಹೊಸ ಪಂಚೆ ಉಟ್ಟು ಜಗಲಿಯ ಮೇಲೆ ನಮ್ಮಪ್ಪ. ಯಾರಿಗೆ ಕಾಯುತ್ತಿದ್ದ ಎಂಬುದು ಐವತ್ತು ವರ್ಷದ ಮೇಲೆ ನನಗೆ ಗೊತ್ತಾಯಿತು. ಅವತ್ತು ಅವ್ವನ ಮುಂದೆ ಕೂತು ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ನಿಜ ಹೇಳುತ್ತೇನೆ, ಒಂದೆರಡು ದಿನ ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ಇವರು ವಂಚನೆ ಮಾಡಿಲ್ಲ, ಅಪ್ಪನೇ ಕೊಟ್ಟದ್ದು. ಕೊಟ್ಟದ್ದೂ ಒಂದು ಜೀವಕ್ಕಾಗಿ. ಹೀಗಿರುವಾಗ ಸೇಡು ಯಾರ ಮೇಲೆ? ಆಮೇಲೆ ಲೆಕ್ಕ ಮೇಷ್ಟ್ರ ಹಾಗೆ ಕೂತು ಯೋಚಿಸಿದೆ. ಅಪ್ಪ ಬಾಗಿಲು ಕೊಟ್ಟದ್ದು ಏಳು ದಿನಕ್ಕೆ. ಆ ಏಳು ದಿನ ನಿಮ್ಮದು, ಅದರ ಮೇಲೆ ನನ್ನ ತಕರಾರಿಲ್ಲ. ಎಂಟನೆಯ ದಿನದಿಂದ ಇವತ್ತಿನವರೆಗೆ ನೀವು ಇಟ್ಟುಕೊಂಡದ್ದು ನಮ್ಮದು. ಅದನ್ನು ಯಾರೂ ನಿಮಗೆ ಕೊಟ್ಟಿರಲಿಲ್ಲ.

ಹೋದ ವಾರ ದಾವಣಗೆರೆಗೆ ಹೋಗಿ ಅವರನ್ನು ಕಂಡೆ. ಮನೆ ಮುಂದೆ ಆಗಲೇ ಪೆಂಡಾಲಿನ ಗಳ ಇಳಿಸಿದ್ದರು. ಮಗ ಊರಲ್ಲಿರಲಿಲ್ಲ. ಅವರು ತೆಳ್ಳಗಾಗಿದ್ದಾರೆ, ಕೆನ್ನೆಯ ಗುಳಿ ಹಾಗೇ ಇದೆ. "ಬರ್ರಿ ಬರ್ರಿ, ಶಾಂತಮ್ಮ! ನಿಮ್ಮಪ್ಪ ದೇವರಂಥ ಮನುಷ್ಯ" ಎಂದು ಎದುರುಗೊಂಡರು. ಚಹಾ ಬಂತು. ನಾನು ನಕಲನ್ನು ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟ ಓದಿದರು. ಎರಡನೆಯ ಪುಟದ ಅರ್ಧಕ್ಕೆ ಕನ್ನಡಕ ತೆಗೆದರು.

"ಹಳೇದನ್ನೆಲ್ಲಾ ಯಾಕ ಕೆದಕ್ತೀರಿ ತಂಗೀ?"

"ಕೆದಕಾಕೆ ಬಂದಿಲ್ಲ. ನಮ್ಮವ್ವ ಇನ್ನೂ ಬದುಕ್ಯಾಳೆ. ನಮ್ಮ ಓಣಿಗೆ ಬಂದು, ಆ ಬಾಗಿಲ ಮುಂದೆ ನಿಂತು, ಪಾಪರ್ ಆಗಿದ್ದು ನಾನು, ಇವ್ರಲ್ಲ ಅಂತ ಹೇಳ್ರಿ. ಎರಡು ನಿಮಿಷ. ಅಷ್ಟೇ ಸಾಕು."

ಅವರು ಹೊರಗಿನ ಪೆಂಡಾಲಿನ ಗಳಗಳ ಕಡೆ ತಿರುಗಿದರು. ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. "ನಿಮ್ಮಪ್ಪನ ಕಡೆ ಮುಖ ಎತ್ತಿ ನೋಡಾಕೆ ಆಗ್ಲಿಲ್ಲ ನನಗೆ. ನಾಳೆ ನಾಳೆ ಅಂತ..." ಎಂದರು. ಒಂದು ಗಳಿಗೆ ನನ್ನ ಕರುಳೂ ಚುರುಕ್ ಎಂದಿತು, ಇಲ್ಲವೆನ್ನುವುದಿಲ್ಲ. ಆಮೇಲೆ ಅವರು ಅಂದರು, "ಈ ಸಮಾರಂಭ ಒಂದು ಮುಗೀಲಿ. ಮಂತ್ರಿಗಳು ಬರ್ತಾರೆ, ಹುಡುಗ ಎಲ್ಲಾ ಏರ್ಪಾಡು ಮಾಡ್ಯಾನೆ. ಆಮ್ಯಾಲೆ ನಾನೇ ಬಂದು..."

ಮುಂದಿನದನ್ನು ಗಾಳಿಯಲ್ಲಿ ಕೈಯಾಡಿಸಿ ಮುಗಿಸಿದರು. ಚಹಾ ಅರ್ಧ ಲೋಟ ಉಳಿದಿತ್ತು. ನನ್ನ ಲೋಟಕ್ಕೆ ಎರಡು ಹನಿ ನೀರು ಹಾಕಿ, ಗಲಗಲ ತಿರುಗಿಸಿ, ಕುಡಿದು ಎದ್ದೆ.

ಬಸ್ಸು ಇಳಿದವಳೇ ತಮಟೆ ತಂಡದ ಹುಡುಗರನ್ನು ಹುಡುಕಿಕೊಂಡು ಹೋದೆ. ಈಗೆಲ್ಲ ಅವರು ಬಣ್ಣದ ಅಂಗಿ ತೊಟ್ಟು ದೊಡ್ಡ ದೊಡ್ಡ ಮೆರವಣಿಗೆಗೆ ಹೋಗುತ್ತಾರೆ. ತಂಡದ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. "ಮದುವೆನಾ ಮೇಡಂ, ಗಣಪತಿನಾ?" ಎಂದ. ನೋಟೀಸು ಎಂದೆ. ಅವನ ಮುಖ ಬಿಗಿಯಿತು. "ಯಾರ ಮರ್ಯಾದಿ ಕಳಿಯಾಕೂ ನಾವು ಬಡಿಯಲ್ಲ ಮೇಡಂ. ಹಿಂದೆ ನಮ್ಮ ಅಜ್ಜನ ಕೈಲಿ ಕೋರ್ಟಿನವ್ರು ಆ ಕೆಲಸ ಮಾಡಿಸೋರು. ಅವನಿಗೆ ಭಾಳ ಬ್ಯಾಸರ ಇತ್ತು" ಎಂದ. ನಾನು ನಕಲು ತೆಗೆದು, ಇಷ್ಟು ಹೊತ್ತು ನಿಮಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆ. ಅವನು ತಲೆ ಬಗ್ಗಿಸಿ ಕೇಳಿದ. ಕೊನೆಗೆ, "ಮರ್ಯಾದಿ ವಾಪಸ್ ಕೊಡಾಕಾದ್ರೆ ಬರ್ತೀನಿ. ದುಡ್ಡು ಬ್ಯಾಡ" ಎಂದ.

ಈಗ ಕೊನೆಯ ಮಾತು, ಮತ್ತು ಇದು ಅವರ ಮಗನಿಗೆ. ನೀವು ಹುಟ್ಟಿದ ವಾರ ನಿಮ್ಮ ಮನೆ ಮುಂದೆ ಸದ್ದಾಗದಂತೆ ನಮ್ಮಪ್ಪ ನೋಡಿಕೊಂಡ. ನೀವು ಉಳಿದದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಮರುಗಿಲ್ಲ. ಅವ್ವ ಕುಟ್ಟಿದ ಖಾರ ನಿಮ್ಮ ತಾಯಿ ಉಂಡಿದ್ದಾರೆ. ನಿಮಗೀಗ ಐವತ್ತು, ತಮಟೆ ಸದ್ದಿಗೆ ನಿಮಗೇನೂ ಆಗುವುದಿಲ್ಲ. ಸಮಾರಂಭಕ್ಕೆ ಇನ್ನು ಸರಿಯಾಗಿ ಎಂಟು ದಿನ ಇದೆ. ಏಳು ದಿನ ನಿಮಗೆ ಬಿಟ್ಟಿದ್ದೇನೆ. ಅಷ್ಟರೊಳಗೆ ನಿಮ್ಮ ತಂದೆಯವರನ್ನು ಹರಿಹರಕ್ಕೆ ಕರೆತನ್ನಿ, ನಮ್ಮ ಓಣಿಯಲ್ಲಿ ನಿಂತು ಅವರು ಆ ಒಂದು ಮಾತನ್ನು ಹೇಳಲಿ, ಪೂರ್ತಿ ಹೇಳಲಿ. ಹೇಳಿದರೆ ಈ ಲೇಖನ ಹರಿದು ಹಾಕಿ, ನಾನೇ ಬೇರೆ ಬರೆದುಕೊಡುತ್ತೇನೆ. ಹೇಳದಿದ್ದರೆ ಎಂಟನೆಯ ದಿನ, ಮಂತ್ರಿಗಳು ಬರುವ ಹೊತ್ತಿಗೆ, ಆ ನೋಟೀಸು ನಿಮ್ಮ ಬಾಗಿಲಿಗೆ ಬರುತ್ತದೆ. ತಮಟೆ ಬಡಿಸಿ, ನಾನೇ ಓದುತ್ತೇನೆ. ಮೂವತ್ತೈದು ವರ್ಷ ಪಾಠ ಮಾಡಿದ ಗಂಟಲು ನನ್ನದು, ತಮಟೆ ಸದ್ದಿನಲ್ಲೂ ಒಂದಕ್ಷರ ಕಳೆದುಹೋಗುವುದಿಲ್ಲ. ಅಕ್ಷರ ಒಂದೂ ಬದಲಿಸಿಲ್ಲ, ಮನೆ ನಂಬರು ಮಾತ್ರ ನಿಮ್ಮದು ಹಾಕಿದ್ದೇನೆ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಅವ್ವ ಗೋಡೆ ಹಿಡಿದುಕೊಂಡು ನಡೆದು, ಮುಂಬಾಗಿಲು ದಾಟಿ, ಜಗಲಿಯ ಮೇಲೆ ಅಪ್ಪ ಕೂತಿದ್ದ ಜಾಗದಲ್ಲಿ ಹೋಗಿ ಕೂತಳು. ನಾನು ಓಡಿ ಹೋಗಿ ಪಕ್ಕ ನಿಂತೆ. ಬೇಡ ಬಿಡು ಮಗಳೇ ಅನ್ನುತ್ತಾಳೇನೋ, ಅಂದರೆ ಏನು ಮಾಡಲಿ ಎಂದು ಅವಳ ಮುಖವನ್ನೇ ನೋಡಿದೆ. ಅವ್ವ ಬಾಗಿಲ ಮೇಲಿನ ಮಚ್ಚೆಯನ್ನು ಬೆರಳಿನಿಂದ ಸವರುತ್ತ ಕೂತಿದ್ದಳು.

"ಮೈದಾ ಅಂಟು ಗಟ್ಟಿ ಕಾಸು" ಎಂದಳು. "ಆವತ್ತಿಂದು ಭಾಳ ಗಟ್ಟಿ ಇತ್ತು."